ಬ್ಯಾಟರಿ ಬದಲಿಸಿದರೆ ಕೀಬೋರ್ಡ್ ಏಕೆ ಸಾಯಬೇಕು?

ಬ್ಯಾಟರಿ ಒಂದು ಗಂಟೆಯೂ ನಿಲ್ಲುತ್ತಿಲ್ಲವೆಂದು ಲ್ಯಾಪ್‌ಟಾಪನ್ನು ಅಂಗಡಿಗೆ ಕೊಟ್ಟವರು ಹೊಸ ಬ್ಯಾಟರಿ ಹಾಕಿಸಿಕೊಂಡು ಮನೆಗೆ ಬರುತ್ತಾರೆ. ಯಂತ್ರ ಆನ್ ಆಗುತ್ತದೆ, ಚಾರ್ಜ್ ನೂರಕ್ಕೆ ನೂರು ತೋರಿಸುತ್ತದೆ. ಪಾಸ್‌ವರ್ಡ್ ಹೊಡೆಯಲು ಹೋದರೆ ಮಾತ್ರ ಒಂದಕ್ಷರವೂ ಮೂಡುವುದಿಲ್ಲ. ಟಚ್‌ಪ್ಯಾಡ್ ಮೇಲೆ ಎಷ್ಟು ಬೆರಳಾಡಿಸಿದರೂ ಪರದೆಯ ಬಾಣ ಕದಲುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ರಿಪೇರಿ ಅಂಗಡಿಗಳಿಗೆ ಇದು ಹೊಸ ದೂರೇನಲ್ಲ, ಅದಕ್ಕೆ ಸಿಗುವ ಉತ್ತರಗಳೂ ಹೊಸವಲ್ಲ. ಗ್ರಾಹಕರು ‘ಅಂಗಡಿಯವನು ಕೆಡಿಸಿದ’ ಎನ್ನುತ್ತಾರೆ. ಅಂಗಡಿಯವರು ‘ಬೋರ್ಡ್ ಮೊದಲೇ ವೀಕ್ ಇತ್ತು ಸಾರ್’ ಎನ್ನುತ್ತಾರೆ. ಅಧಿಕೃತ ಸೇವಾ ಕೇಂದ್ರಕ್ಕೆ ಒಯ್ದರೆ ‘ಹೊರಗಡೆ ಬಿಚ್ಚಿಸಿದ್ದೀರಿ, ನಮ್ಮ ಹೊಣೆಯಲ್ಲ’ ಎಂಬ ಮಾತು ಬರುತ್ತದೆ. ಮೂವರೂ ಒಬ್ಬರ ಕಡೆ ಇನ್ನೊಬ್ಬರು ಬೆರಳು ತೋರಿಸುತ್ತಿರುವಾಗ, ಆ ಯಂತ್ರದ ಹೊಟ್ಟೆಯೊಳಗೆ ಬ್ಯಾಟರಿಯನ್ನು ಎಲ್ಲಿ ಕೂರಿಸಬೇಕು, ಅದರ ಮೇಲೆ ಯಾವ ಕೇಬಲ್ ಹಾಯಿಸಬೇಕು ಎಂದು ನಿರ್ಧರಿಸಿದವರು ಮಾತ್ರ ಚರ್ಚೆಯಿಂದ ತಪ್ಪಿಸಿಕೊಂಡುಬಿಡುತ್ತಾರೆ. ಈ ಬರಹದ ತಕರಾರು ಅವರ ಮೇಲೆ. ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಲೇಬೇಕಾದ ಭಾಗವೊಂದನ್ನು ಮುಟ್ಟಿದರೆ ಇನ್ನೊಂದು ಭಾಗ ಸಾಯುವಂತಿದ್ದರೆ ಅದನ್ನು ವಿನ್ಯಾಸದ ದೋಷವೆಂದೇ ಎಣಿಸಬೇಕು, ಕೊಳ್ಳುವ ಮುಂಚೆಯೇ ಆ ದೋಷ ಗ್ರಾಹಕರಿಗೆ ಅಂಕಿಯಲ್ಲಿ ಕಾಣುವಂತಿರಬೇಕು.

ಮೊದಲು ತೊಂದರೆಯ ಮೂಲ ನೋಡೋಣ. ಲ್ಯಾಪ್‌ಟಾಪಿನ ಕೀಬೋರ್ಡಿನಲ್ಲಿ ಪ್ರತಿ ಗುಂಡಿಗೂ ಒಂದೊಂದು ತಂತಿ ಇರುವುದಿಲ್ಲ. ಗುಂಡಿಗಳನ್ನು ಅಡ್ಡ ಸಾಲು, ಉದ್ದ ಸಾಲುಗಳ ಜಾಲವಾಗಿ ಹೆಣೆದು, ಆ ಸಾಲುಗಳನ್ನೆಲ್ಲ ಕಾಗದದಷ್ಟು ತೆಳುವಾದ ರಿಬ್ಬನ್ ಕೇಬಲ್ ಒಂದರಲ್ಲಿ ಬೋರ್ಡಿಗೆ ತಂದಿರುತ್ತಾರೆ. ಆದ್ದರಿಂದ ಒಂದೆರಡು ಗೆರೆಗಳು ಕೈಕೊಟ್ಟರೆ ಕೆಲವು ಗುಂಡಿಗಳು ಮಾತ್ರ ಕೆಲಸ ನಿಲ್ಲಿಸುತ್ತವೆ, ಉಳಿದವು ಬದುಕಿರುತ್ತವೆ. ಇಡೀ ಕೀಬೋರ್ಡ್, ಅದರ ಜೊತೆಗೆ ಟಚ್‌ಪ್ಯಾಡ್ ಕೂಡ ಒಟ್ಟಿಗೆ ಮಲಗಿದವೆಂದರೆ ಎರಡೂ ಬಿಡಿಬಿಡಿಯಾಗಿ ಅದೇ ದಿನ ಕೆಟ್ಟಿರುವ ಸಾಧ್ಯತೆ ತೀರಾ ಕಡಿಮೆ. ಎರಡೂ ಹಂಚಿಕೊಂಡಿರುವ ಯಾವುದೋ ಒಂದು ಜಾಗದಲ್ಲಿ ಕೊಂಡಿ ಕಳಚಿದೆ ಎಂದೇ ಅನುಮಾನಿಸಬೇಕು: ಸರಿಯಾಗಿ ಕೂರದ ಕೇಬಲ್, ಹರಿದ ರಿಬ್ಬನ್, ಅಥವಾ ತಲೆತಿರುಗಿ ನಿಂತ ಎಂಬೆಡೆಡ್ ಕಂಟ್ರೋಲರ್. ಈ ಕೊನೆಯದು ಬೋರ್ಡಿನ ಮೇಲಿರುವ ಪುಟ್ಟ ಚಿಪ್. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಕೀಬೋರ್ಡಿನ ಒತ್ತುಗಳನ್ನು ಓದುವುದೂ ಅದೇ, ಬ್ಯಾಟರಿಯ ಜೊತೆ ಮಾತಾಡಿ ಚಾರ್ಜಿನ ಲೆಕ್ಕ ಇಡುವುದೂ ಅದೇ. ಬ್ಯಾಟರಿ ತೆಗೆದು ಹಾಕುವ ಗಡಿಬಿಡಿಯಲ್ಲಿ ಅದು ಗೊಂದಲಕ್ಕೆ ಬಿದ್ದರೆ ಚಾರ್ಜರ್ ಕಿತ್ತು, ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ಉಳಿದ ವಿದ್ಯುತ್ ಬಸಿದುಹೋಗಿ ಅದು ಮತ್ತೆ ಸರಿದಾರಿಗೆ ಬರುವುದುಂಟು. ಥಿಂಕ್‌ಪ್ಯಾಡ್‌ನ ಹಲವು ಮಾದರಿಗಳಲ್ಲಿ ಇದಕ್ಕೆಂದೇ ತಳಭಾಗದಲ್ಲಿ ಸೂಜಿಮೊನೆಯಷ್ಟು ರಂಧ್ರವಿರುತ್ತದೆ. ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ ಒತ್ತಿದರಾಯಿತು.

ಪರೀಕ್ಷೆಯ ಕ್ರಮವೂ ಬ್ರಹ್ಮವಿದ್ಯೆಯೇನಲ್ಲ. ಯುಎಸ್‌ಬಿ ಕೀಬೋರ್ಡೊಂದನ್ನು ಸಿಕ್ಕಿಸಿ. ಅದು ಕೆಲಸ ಮಾಡಿದರೆ ಯಂತ್ರದ ಮುಖ್ಯ ಭಾಗಗಳು ನೆಟ್ಟಗಿವೆ. ಯಂತ್ರ ಶುರುವಾಗುವಾಗಲೇ ಬಯೋಸ್ ಪುಟಕ್ಕೆ ಹೋಗಿ ಲ್ಯಾಪ್‌ಟಾಪಿನ ಸ್ವಂತ ಗುಂಡಿಗಳನ್ನು ಒತ್ತಿ ನೋಡಿ. ಅಲ್ಲಿ ನಡೆದು ವಿಂಡೋಸ್‌ನಲ್ಲಿ ನಡೆಯದಿದ್ದರೆ ಡ್ರೈವರಿನ ತಂಟೆ, ಅಥವಾ ಟಚ್‌ಪ್ಯಾಡ್ ಆಫ್ ಮಾಡುವ ಗುಂಡಿಯನ್ನು ಯಾರೋ ಒತ್ತಿದ್ದಾರೆ. ಬಯೋಸ್‌ನಲ್ಲೂ ಸತ್ತಿದ್ದರೆ ಹಿಂಬದಿಯ ಮುಚ್ಚಳ ತೆಗೆದು ಕೇಬಲ್ ನೋಡಬೇಕು. ಉದ್ದದ ಸ್ಕ್ರೂವನ್ನು ಗಿಡ್ಡ ಸ್ಕ್ರೂವಿನ ತೂತಿಗೆ ತಿರುಗಿಸಿ, ಅದರ ಮೊನೆ ಒಳಗಿನ ಭಾಗವನ್ನು ಒತ್ತಿ ಕೆಡಿಸಿರುವ ಪ್ರಕರಣಗಳೂ ಉಂಟು. ಯಾವ ತೂತಿಗೆ ಯಾವ ಅಳತೆಯದು ಎಂಬ ಪಟ್ಟಿ ಕೈಯಲ್ಲಿದ್ದರೆ ಅದು ಆಗುತ್ತಲೇ ಇರಲಿಲ್ಲ. ಇಷ್ಟು ಮಾಡಿ ನೋಡುವ ಮುಂಚೆ ‘ಮದರ್‌ಬೋರ್ಡ್ ಹೋಗಿದೆ’ ಎಂದು ತೀರ್ಪು ಕೊಡುವವರು ಒಂದೋ ಆತುರಗಾರರು, ಇಲ್ಲವೇ ಲಾಭದ ಲೆಕ್ಕ ಬಲ್ಲವರು.

ಮುಚ್ಚಳ ತೆಗೆದರೆ ಕಾಣುವ ಆ ಕನೆಕ್ಟರನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಜಗಳವೆಲ್ಲ ನಡೆಯುವುದು ಅಲ್ಲೇ. ಬೆರಳುಗುರಿನಷ್ಟು ಅಗಲದ ಪ್ಲಾಸ್ಟಿಕ್ ಬಾಯಿ. ಅದರ ಮೇಲೆ ರೆಪ್ಪೆಯಂತೆ ಎದ್ದು ಮಲಗುವ ಕಪ್ಪನೆಯ ಲಾಕ್. ಲಾಕ್ ಎತ್ತಿದರೆ ರಿಬ್ಬನ್ ಯಾವ ಬಲವೂ ಇಲ್ಲದೆ ಜಾರಿ ಹೊರಬರುತ್ತದೆ, ಒಳಹೋಗುತ್ತದೆ. ಎತ್ತದೆ ಎಳೆದರೆ ತುದಿಯಲ್ಲಿರುವ ಚಿನ್ನದ ಬಣ್ಣದ ಗೆರೆಗಳು ಕೆರೆದು ಬರುತ್ತವೆ, ಲಾಕಿನ ಕಿವಿ ಮುರಿಯುತ್ತದೆ. ಗೆರೆಯಿಂದ ಗೆರೆಗೆ ಇರುವ ಅಂತರ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್. ಕೆಲವು ಯಂತ್ರಗಳಲ್ಲಿ ಅದಕ್ಕಿಂತ ಕಡಿಮೆ. ರಿಬ್ಬನ್ ಒಂದು ಕೂದಲೆಳೆ ಓರೆಯಾಗಿ ಕೂತು ಲಾಕ್ ಬಿದ್ದರೂ ಹೊರಗಿನಿಂದ ಎಲ್ಲ ಸರಿಯಾಗಿರುವಂತೆಯೇ ಕಾಣುತ್ತದೆ. ಟಚ್‌ಪ್ಯಾಡಿನ ಸಂಪರ್ಕಕ್ಕೆ ವಿದ್ಯುತ್ತಿನ ಗೆರೆಗಳ ಜೊತೆ ದತ್ತಾಂಶಕ್ಕೊಂದು, ಗಡಿಯಾರದ ಮಿಡಿತಕ್ಕೊಂದು ಎಂದು ಬೆರಳೆಣಿಕೆಯ ಗೆರೆಗಳಿದ್ದರೆ ಸಾಕು. ಅವುಗಳಲ್ಲಿ ಒಂದು ತಪ್ಪಿದರೂ ಇಡೀ ಟಚ್‌ಪ್ಯಾಡ್ ಮೂಕವಾಗುತ್ತದೆ. ತಿಳಿದವರ ಕೈಯಲ್ಲಿ ಇದು ಎರಡು ನಿಮಿಷದ ಕೆಲಸ. ಲಾಕ್ ಮೇಲಕ್ಕೆ ಏಳುತ್ತದೋ ಪಕ್ಕಕ್ಕೆ ಜಾರುತ್ತದೋ ಎಂದು ಆ ಮಾದರಿಯ ಚಿತ್ರ ನೋಡದೆ ಊಹಿಸಬೇಕಾದವರ ಕೈಯಲ್ಲಿ ಅದು ಜೂಜು.

ಈಗ ವಿನ್ಯಾಸದ ಮಾತಿಗೆ ಬರೋಣ. 2015ರಲ್ಲಿ ಬಂದ 13 ಇಂಚಿನ ಮ್ಯಾಕ್‌ಬುಕ್ ಪ್ರೊ ಒಳ್ಳೆಯ ಉದಾಹರಣೆ, ಏಕೆಂದರೆ ಆ ಯಂತ್ರಗಳು ಇಂದಿಗೂ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಓಡಾಡುತ್ತಿವೆ, ಅವುಗಳ ಮೂಲ ಬ್ಯಾಟರಿಗಳ ಆಯುಸ್ಸು ಎಂದೋ ಮುಗಿದಿದೆ. ಅದರಲ್ಲಿ ಕೀಬೋರ್ಡಿನ ಕೇಬಲ್ ನೇರವಾಗಿ ಬೋರ್ಡಿಗೆ ಹೋಗುವುದಿಲ್ಲ; ಟ್ರ್ಯಾಕ್‌ಪ್ಯಾಡಿಗೆ ಹೋಗುತ್ತದೆ. ಅಲ್ಲಿಂದ ಎರಡರ ಸಂಕೇತಗಳನ್ನೂ ಹೊತ್ತ ಒಂದೇ ಒಂದು ತೆಳು ರಿಬ್ಬನ್ ಬ್ಯಾಟರಿಯ ಮೇಲೆ ಹಾದು ಬೋರ್ಡ್ ಸೇರುತ್ತದೆ. ಬ್ಯಾಟರಿಯನ್ನು ಒಡಲಿಗೆ ಅಂಟಿನಿಂದ ಅಂಟಿಸಲಾಗಿದೆ. ಅಂದರೆ ಬ್ಯಾಟರಿ ಬದಲಿಸಬೇಕಾದವರು ಮೊದಲು ಆ ರಿಬ್ಬನ್ನನ್ನು ಬಿಡಿಸಿ ಪಕ್ಕಕ್ಕೆ ಸರಿಸಬೇಕು, ಆಮೇಲೆ ಅಂಟನ್ನು ಮೆತ್ತಗೆ ಮಾಡಿ ಬ್ಯಾಟರಿಯ ತುಂಡುಗಳನ್ನು ಒಂದೊಂದಾಗಿ ಮೀಟಿ ತೆಗೆಯಬೇಕು. ಆ ಮೀಟುವಿಕೆಯಲ್ಲಿ ರಿಬ್ಬನ್ ಮಡಿಚಿದರೂ ಮುಗಿಯಿತು: ಕೀಬೋರ್ಡೂ ಇಲ್ಲ, ಟ್ರ್ಯಾಕ್‌ಪ್ಯಾಡೂ ಇಲ್ಲ. ಈ ಮಾದರಿಯನ್ನು ಬಲ್ಲ ಮೆಕ್ಯಾನಿಕ್‌ಗಳು ಎರಡೂ ಒಟ್ಟಿಗೆ ಸತ್ತ ಯಂತ್ರ ಬಂದರೆ ಬೋರ್ಡಿನ ಕಡೆ ತಿರುಗಿಯೂ ನೋಡದೆ ಮೊದಲು ಆ ಕೇಬಲ್ ಬದಲಿಸಿ ನೋಡುತ್ತಾರೆ. ಇನ್ನೊಂದು ವಿಪರ್ಯಾಸ ಕೇಳಿ. ಆ ಕಾಲದ ಮ್ಯಾಕ್‌ಬುಕ್‌ಗಳಲ್ಲಿ ವಿದ್ಯುತ್ ನಿರ್ವಹಣೆಯ ಚಿಪ್ಪನ್ನು ರೀಸೆಟ್ ಮಾಡಲು ಶಿಫ್ಟ್, ಕಂಟ್ರೋಲ್, ಆಪ್ಷನ್ ಗುಂಡಿಗಳನ್ನು ಪವರ್ ಗುಂಡಿಯ ಜೊತೆ ಒತ್ತಿ ಹಿಡಿಯಬೇಕು, ಅದೂ ಯಂತ್ರದ ಸ್ವಂತ ಕೀಬೋರ್ಡಿನಲ್ಲೇ. ಪವರ್ ಗುಂಡಿ ಇರುವುದೂ ಅದೇ ಕೀಬೋರ್ಡಿನ ಮೂಲೆಯಲ್ಲಿ. ಮದ್ದಿನ ಡಬ್ಬಿಯನ್ನು ರೋಗದೊಳಗೇ ಇಟ್ಟು ಬೀಗ ಹಾಕಿದ್ದಾರೆ.

ಇದು ಹಳೆಯ ಮಾದರಿಯ ಕಥೆ ಎಂದು ತಳ್ಳಿಹಾಕುವಂತಿಲ್ಲ. 2022ರ ಆಗಸ್ಟ್‌ನಲ್ಲಿ ಆಪಲ್ ಕಂಪನಿ ಅಮೆರಿಕದಲ್ಲಿ ಮ್ಯಾಕ್‌ಬುಕ್‌ಗಳಿಗೆ ಸ್ವಯಂ ರಿಪೇರಿ ಯೋಜನೆ ತೆರೆದಾಗ, ಎಂ1 ಪೀಳಿಗೆಯ ಮ್ಯಾಕ್‌ಬುಕ್ ಪ್ರೊಗೆ ಬ್ಯಾಟರಿ ಬೇಕೆಂದವರು ಕೀಬೋರ್ಡ್ ಸಮೇತ ಇಡೀ ಟಾಪ್ ಕೇಸನ್ನೇ ಕೊಳ್ಳಬೇಕಿತ್ತು. ಬ್ಯಾಟರಿ ಸವೆದರೆ ಚೆನ್ನಾಗಿರುವ ಕೀಬೋರ್ಡನ್ನೂ ಎಸೆಯಿರಿ ಎಂಬುದೇ ಅಲ್ಲಿಯ ಅಧಿಕೃತ ವಿಧಾನವಾಗಿತ್ತು. ಎಲ್ಲ ಕಂಪನಿಗಳೂ ಇದೇ ದಾರಿ ಹಿಡಿದಿಲ್ಲ ಎಂಬುದು ಮುಖ್ಯ. ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಹಿಂದೆ ತಳದ ಚಿಲಕ ಸರಿಸಿ ಕ್ಷಣಾರ್ಧದಲ್ಲಿ ಬ್ಯಾಟರಿ ಕಳಚಬಹುದಿತ್ತು. 2018ರ ಥಿಂಕ್‌ಪ್ಯಾಡ್ ಟಿ480ರಲ್ಲೂ ಅಂಥ ಹೊರಬ್ಯಾಟರಿ ಇತ್ತು. ಈಗ ಬ್ಯಾಟರಿ ಒಳಗೆ ಹೋಗಿದ್ದರೂ ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳ ಬಹುಪಾಲು ಯಂತ್ರಗಳಲ್ಲಿ ಅದನ್ನು ಸ್ಕ್ರೂಗಳಿಂದ ಬಿಗಿದಿರುತ್ತಾರೆ. ಈ ಮೂರೂ ಕಂಪನಿಗಳು ಯಾವ ಮಾದರಿಯ ಯಾವ ಸ್ಕ್ರೂ ಎಲ್ಲಿ, ಯಾವ ಕನೆಕ್ಟರಿನ ಲಾಕ್ ಹೇಗೆ ಎಂದು ಚಿತ್ರ ಸಮೇತ ತೋರಿಸುವ ಸರ್ವಿಸ್ ಕೈಪಿಡಿಗಳನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳುವಂತೆ ಇಟ್ಟಿವೆ. ಥಿಂಕ್‌ಪ್ಯಾಡಿನ ಬಯೋಸ್‌ನಲ್ಲಿ ಒಳಗಿನ ಬ್ಯಾಟರಿಯನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸುವ ಆಯ್ಕೆಯೇ ಇದೆ. ಅದನ್ನು ಒತ್ತಿದ ಮೇಲೆ ಮುಚ್ಚಳ ಬಿಚ್ಚಿದರೆ ಬೋರ್ಡಿನ ಮೇಲೆ ಕರೆಂಟ್ ಹರಿಯುತ್ತಿರುವುದಿಲ್ಲ. ಯಾರೋ ಒಬ್ಬ ಎಂಜಿನಿಯರ್ ರಿಪೇರಿ ಮಾಡುವವರ ಕಷ್ಟ ನೆನೆದು ಕೂತಿದ್ದಾನೆ ಎಂದು ಅಂಥದ್ದನ್ನು ನೋಡಿದಾಗ ಅನಿಸುತ್ತದೆ.

ಇದಕ್ಕೆ ಎದುರಾಗಿ ಬರುವ ಮೊದಲ ಮಾತು ತೆಳುತನದ್ದು: ಜನರಿಗೆ ಹಗುರವಾದ, ತೆಳುವಾದ ಯಂತ್ರ ಬೇಕು, ಅಂಟಿಲ್ಲದೆ ಅದು ಸಾಧ್ಯವಿಲ್ಲ ಎಂಬುದು. ಜನರಿಗೆ ತೆಳು ಯಂತ್ರ ಬೇಕೆನ್ನುವುದು ನಿಜ. ಆದರೆ ಸ್ಕ್ರೂವಿನಿಂದ ಬಿಗಿದ ಬ್ಯಾಟರಿಯ ತೆಳು ಲ್ಯಾಪ್‌ಟಾಪ್‌ಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. 2021ರಲ್ಲಿ ಬಂದ ಫ್ರೇಮ್‌ವರ್ಕ್ ಲ್ಯಾಪ್‌ಟಾಪ್ ಬ್ಯಾಟರಿ, ಕೀಬೋರ್ಡ್, ಪರದೆ, ಪೋರ್ಟ್ ಎಲ್ಲವನ್ನೂ ಬಳಸುವವರೇ ಒಂದು ಸ್ಕ್ರೂಡ್ರೈವರಿನಿಂದ ಬದಲಿಸುವಂತೆ ಮಾಡಿಯೂ ದಪ್ಪ ಇಟ್ಟಿಗೆಯಾಗಲಿಲ್ಲ. ಅಂಟಿನಿಂದ ಒಂದೆರಡು ಮಿಲಿಮೀಟರ್ ಉಳಿಯುವುದಾದರೆ ಉಳಿಯಲಿ, ಆ ಉಳಿತಾಯದ ಬೆಲೆ ಎಷ್ಟೆಂದು ಕೊಳ್ಳುವವರಿಗೆ ಗೊತ್ತಿರಲಿ. ಇಂದು ಅಂಗಡಿಯಲ್ಲಿ ಯಂತ್ರದ ತೂಕ ಗ್ರಾಮಿನ ಲೆಕ್ಕದಲ್ಲಿ ಗೊತ್ತಾಗುತ್ತದೆ. ನಾಲ್ಕು ವರ್ಷದ ಮೇಲೆ ಅದರ ಬ್ಯಾಟರಿ ಬದಲಿಸಲು ಏನೇನು ಕಳಚಬೇಕು ಎಂಬುದು ಮಾತ್ರ ಎಲ್ಲೂ ಬರೆದಿರುವುದಿಲ್ಲ. ಅದಿಲ್ಲದೆ ‘ಜನರೇ ಆರಿಸಿಕೊಂಡಿದ್ದು’ ಎನ್ನುವ ವಾದ ನಿಲ್ಲದು.

ಎರಡನೆಯ ಮಾತು ಸುರಕ್ಷತೆಯದು, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಲಿಥಿಯಂ ಬ್ಯಾಟರಿಯನ್ನು ಚುಚ್ಚಿದರೆ, ಮಡಿಚಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಹಳೆಯ ಬ್ಯಾಟರಿ ಒಳಗೆ ಅನಿಲ ತುಂಬಿ ಉಬ್ಬುತ್ತದೆ, ಉಬ್ಬಿ ಟ್ರ್ಯಾಕ್‌ಪ್ಯಾಡನ್ನೇ ಕೆಳಗಿನಿಂದ ಎತ್ತಿಹಾಕುತ್ತದೆ. ಕ್ಲಿಕ್ ಆಗದ ಟ್ರ್ಯಾಕ್‌ಪ್ಯಾಡ್ ಎಷ್ಟೋ ಸಲ ಬ್ಯಾಟರಿ ಕೊಡುವ ಎಚ್ಚರಿಕೆಯೇ ಆಗಿರುತ್ತದೆ. ಅಂಥ ಬ್ಯಾಟರಿಯನ್ನು ತುರ್ತಾಗಿ ತೆಗೆಯಬೇಕು, ನಿಜ. ಹಾಗಿದ್ದರೆ ಅದನ್ನು ಕಾಯಿಸಿ, ಮೀಟಿ ತೆಗೆಯಬೇಕಾದಂತೆ ಅಂಟಿಸುವುದು ಸುರಕ್ಷತೆಯೋ, ನಾಲ್ಕು ಸ್ಕ್ರೂ ಬಿಚ್ಚಿದರೆ ಕೈಗೆ ಬರುವಂತೆ ಇಡುವುದು ಸುರಕ್ಷತೆಯೋ? ಡೂಪ್ಲಿಕೇಟ್ ಬ್ಯಾಟರಿಗಳ ಭಯವೂ ಸುಳ್ಳಲ್ಲ. ನಮ್ಮಲ್ಲಿ ಇಂಥ ಬ್ಯಾಟರಿಗಳಿಗೆ ಐಎಸ್ 16046 ಮಾನಕದ ಪ್ರಕಾರ ಬಿಐಎಸ್ ನೋಂದಣಿ ಕಡ್ಡಾಯವಾಗಿದ್ದರೂ ಲೇಬಲ್ ಮಾತ್ರ ಒರಿಜಿನಲ್ ಆಗಿರುವ ಸರಕು ಮಾರುಕಟ್ಟೆಗೆ ಬರುತ್ತಲೇ ಇದೆ. ಅಂಥ ಸರಕಿಗೆ ಗಿರಾಕಿಗಳು ಹುಟ್ಟುವುದು ಒರಿಜಿನಲ್ ಬ್ಯಾಟರಿ ಬಿಡಿಯಾಗಿ ಸಿಗದಿದ್ದಾಗ, ಸಿಕ್ಕರೂ ಸೇವಾ ಕೇಂದ್ರದ ಹೊರಗೆ ಮಾರದಿದ್ದಾಗ. ಬಾಗಿಲು ಮುಚ್ಚಿದಷ್ಟೂ ಕಳ್ಳದಾರಿ ಅಗಲವಾಗುತ್ತದೆ.

ಮೂರನೆಯ ಆಕ್ಷೇಪ ನಮ್ಮ ಮೆಕ್ಯಾನಿಕ್‌ಗಳ ಮೇಲಿನದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ, ಹುಬ್ಬಳ್ಳಿ, ಮೈಸೂರಿನ ಗಲ್ಲಿಗಳಲ್ಲಾಗಲಿ ಕೂತವರಿಗೆ ತರಬೇತಿಯಿಲ್ಲ, ಅವರ ಕೈಗೆ ಕೈಪಿಡಿ ಕೊಟ್ಟರೆ ಇನ್ನಷ್ಟು ಯಂತ್ರ ಹಾಳು ಮಾಡುತ್ತಾರೆ ಎನ್ನುವವರಿದ್ದಾರೆ. ಅವರಲ್ಲಿ ತಪ್ಪು ಮಾಡುವವರು ಇದ್ದಾರೆ ಎನ್ನುವುದನ್ನು ಮುಚ್ಚಿಡಬೇಕಿಲ್ಲ. ಬ್ಯಾಟರಿಯ ಕನೆಕ್ಟರ್ ಮೊದಲು ಬಿಡಿಸದೆ ಬೇರೆ ಕೇಬಲ್‌ಗಳಿಗೆ ಕೈ ಹಾಕುವವರಿದ್ದಾರೆ. ಯಂತ್ರ ಆನ್ ಆಯಿತೆಂದು ಪರದೆ ತೋರಿಸಿ, ಕೀಬೋರ್ಡಿನ ಒಂದು ಗುಂಡಿಯನ್ನೂ ಒತ್ತಿ ನೋಡದೆ ಕೊಟ್ಟು ಕಳಿಸುವವರಿದ್ದಾರೆ. ಗ್ರಾಹಕರು ಯಂತ್ರ ಕೊಡುವಾಗಲೇ ಕೀಬೋರ್ಡ್, ಟಚ್‌ಪ್ಯಾಡ್ ಸರಿಯಿದೆ ಎಂದು ಚೀಟಿಯಲ್ಲಿ ಬರೆಸಿಕೊಂಡು, ವಾಪಸ್ ಪಡೆಯುವಾಗ ಅಲ್ಲೇ ನಿಂತು ಒತ್ತಿ ನೋಡಿದರೆ ಅರ್ಧ ಜಗಳ ಕಡಿಮೆಯಾಗುತ್ತದೆ. ಆದರೆ ಈ ಆಕ್ಷೇಪ ತಾನೇ ತೋಡಿದ ಗುಂಡಿಗೆ ತಾನೇ ಬೀಳುತ್ತದೆ. ಮಾದರಿಯ ಚಿತ್ರವಿಲ್ಲ, ಸ್ಕ್ರೂಗಳ ಪಟ್ಟಿಯಿಲ್ಲ, ಬಿಡಿಭಾಗ ಸಿಗುವುದಿಲ್ಲ. ಇಷ್ಟರ ನಡುವೆಯೂ ಯಾರದೋ ವಿಡಿಯೊ ನೋಡಿ, ಕೆಟ್ಟ ಬೋರ್ಡುಗಳ ಮೇಲೆ ಕೈ ಪಳಗಿಸಿಕೊಂಡು, ಕಂಪನಿ ‘ಆಗುವುದಿಲ್ಲ’ ಎಂದ ಯಂತ್ರಗಳನ್ನು ಎಬ್ಬಿಸುವವರು ಇದೇ ಜನ. ಅವರ ಅರಿವಿಗೆ ಬೇಕಾದ್ದನ್ನು ಬಚ್ಚಿಟ್ಟು, ಅರಿವಿಲ್ಲ ಎಂದು ಬೈಯುವುದು ನ್ಯಾಯವಲ್ಲ. ಐಟಿಐಗಳಲ್ಲಿ ಕಂಪ್ಯೂಟರ್ ಹಾರ್ಡ್‌ವೇರ್ ಕಲಿಸುವ ಕೋರ್ಸ್ ಇದೆ. ಅಲ್ಲಿ ಇಂದಿನ ಲ್ಯಾಪ್‌ಟಾಪ್‌ಗಳ ಸರ್ವಿಸ್ ಕೈಪಿಡಿಗಳೇ ಪಠ್ಯವಾಗಬೇಕು.

ಬೌದ್ಧಿಕ ಆಸ್ತಿ ಸೋರಿಹೋಗುತ್ತದೆ ಎಂಬ ನಾಲ್ಕನೆಯ ವಾದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಜಗತ್ತಿನ ಅತಿ ದೊಡ್ಡ ಮೂರು ಲ್ಯಾಪ್‌ಟಾಪ್ ಕಂಪನಿಗಳು ವರ್ಷಗಳಿಂದ ಕೈಪಿಡಿ ಹಂಚುತ್ತಿವೆ, ಅದರಿಂದ ಯಾವುದೂ ಮುಳುಗಿಲ್ಲ.

ಕಾನೂನು ಮಾಡಿ ತೋರಿಸಿದವರು ಇದ್ದಾರೆ. ಫ್ರಾನ್ಸ್ 2021ರ ಜನವರಿಯಿಂದ ಲ್ಯಾಪ್‌ಟಾಪ್ ಸೇರಿದಂತೆ ಐದು ಬಗೆಯ ವಸ್ತುಗಳಿಗೆ ಹತ್ತಕ್ಕೆ ಇಷ್ಟು ಎಂಬ ರಿಪೇರಿ ಅಂಕವನ್ನು ಬೆಲೆಯ ಪಕ್ಕದಲ್ಲೇ ತೋರಿಸುವುದನ್ನು ಕಡ್ಡಾಯ ಮಾಡಿತು. ಕೈಪಿಡಿ ಸಿಗುತ್ತದೆಯೇ, ಬಿಚ್ಚುವುದು ಸುಲಭವೇ, ಬಿಡಿಭಾಗ ಸಿಗುತ್ತದೆಯೇ, ಅದರ ಬೆಲೆ ಎಷ್ಟು ಎಂಬುದೆಲ್ಲ ಅದರ ಲೆಕ್ಕಕ್ಕೆ ಬರುತ್ತದೆ. ಐರೋಪ್ಯ ಒಕ್ಕೂಟದ 2023ರ ಬ್ಯಾಟರಿ ನಿಯಮದ ಪ್ರಕಾರ 2027ರ ಫೆಬ್ರುವರಿ 18ರಿಂದ ಇಂಥ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆಯುವಂತಿರಬೇಕು, ಅದೂ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸಲಕರಣೆಯಿಂದ. ಶಾಖವಾಗಲಿ, ಅಂಟು ಕರಗಿಸುವ ದ್ರಾವಕವಾಗಲಿ ಬೇಕಾಗಬಾರದು. ಭಾರತದಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ರಿಪೇರಿ ಸೂಚ್ಯಂಕ ಹೇಗಿರಬೇಕೆಂದು ನೇಮಿಸಿದ್ದ ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಕಳಚಲು ಎಷ್ಟು ಹೆಜ್ಜೆ ಬೇಕು, ಸ್ಕ್ರೂ ಎಂಥದ್ದು, ಮಾಹಿತಿ ಸಿಗುತ್ತದೆಯೇ ಎಂಬಂಥ ಅಳತೆಗೋಲುಗಳು ಅದರಲ್ಲಿವೆ, ಸಂತೋಷ. ಆದರೆ ಆದ್ಯತೆ ಸಿಕ್ಕಿರುವುದು ಸ್ಮಾರ್ಟ್‌ಫೋನ್ ಮತ್ತು ಟ್ಯಾಬ್ಲೆಟ್‌ಗಳಿಗೆ. ಲ್ಯಾಪ್‌ಟಾಪನ್ನು ಎರಡನೆಯ ಹಂತಕ್ಕೆ ತಳ್ಳಲು ಕಾರಣವೇ ಕಾಣದು. ಫೋನಿಗಿಂತ ಅದರ ಬೆಲೆ ಹೆಚ್ಚು, ಅದನ್ನು ಇಟ್ಟುಕೊಳ್ಳುವ ವರ್ಷಗಳೂ ಹೆಚ್ಚು. ಅಂಕ ಕೊಡುವಾಗ ಬ್ಯಾಟರಿ ಹೊರಬರುತ್ತದೆಯೇ ಎಂದಷ್ಟೇ ಕೇಳಿದರೆ ಸಾಲದು. ಅದನ್ನು ತೆಗೆಯಲು ಬೇರೆ ಯಾವ ಭಾಗದ ಕೇಬಲ್ ಮುಟ್ಟಬೇಕಾಗುತ್ತದೆ ಎಂದೂ ಕೇಳಿ, ಮುಟ್ಟಬೇಕಾದ ಪ್ರತಿ ಕೇಬಲ್‌ಗೂ ಅಂಕ ಕಳೆಯಬೇಕು. ಲ್ಯಾಪ್‌ಟಾಪ್ ಆಮದಿಗೆ 2023ರಿಂದ ಸರ್ಕಾರದ ಅನುಮತಿ ವ್ಯವಸ್ಥೆ ಜಾರಿಯಲ್ಲಿರುವುದರಿಂದ, ಸರ್ವಿಸ್ ಕೈಪಿಡಿ ಪ್ರಕಟಿಸಿ ಎಂದು ಷರತ್ತು ಹಾಕಲು ಹಿಡಿತವೂ ಕೈಯಲ್ಲೇ ಇದೆ.

ದೆಹಲಿ ಮಾಡುವವರೆಗೆ ಕಾಯಬೇಕಾದ ಅಗತ್ಯ ಕರ್ನಾಟಕಕ್ಕಿಲ್ಲ. ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗೆ, ಇಲಾಖೆಗಳ ಕಚೇರಿಗಳಿಗೆ ಸರ್ಕಾರವೇ ಲ್ಯಾಪ್‌ಟಾಪ್ ಖರೀದಿಸುತ್ತದೆ. ಇಂಥ ಖರೀದಿಯಲ್ಲಿ ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು, ಪರದೆ ಎಷ್ಟಿಂಚು, ವಾರಂಟಿ ಎಷ್ಟು ವರ್ಷ ಎಂದು ಕೇಳುತ್ತಾರೆ. ವಾರಂಟಿ ಮುಗಿದ ಮರುವರ್ಷ ರಾಯಚೂರಿನ ಯಾವುದೋ ಹಳ್ಳಿಯ ವಿದ್ಯಾರ್ಥಿನಿಯ ಯಂತ್ರದ ಬ್ಯಾಟರಿ ಸತ್ತರೆ ಅದನ್ನು ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ, ಕೀಬೋರ್ಡ್ ಉಳಿಸಿಕೊಂಡು ಬದಲಿಸಬಹುದೇ ಎಂದೂ ಕೇಳಬೇಕು. ಟೆಂಡರಿಗೆ ಸೇರಿಸಬೇಕಾದ್ದು ನಾಲ್ಕೇ ಸಾಲು: ಬ್ಯಾಟರಿ ಸ್ಕ್ರೂಗಳಿಂದ ಬಿಗಿದಿರಬೇಕು, ಅದನ್ನು ತೆಗೆಯಲು ಕೀಬೋರ್ಡ್, ಟಚ್‌ಪ್ಯಾಡ್‌ಗಳ ಕೇಬಲ್ ಬಿಡಿಸುವಂತಿರಬಾರದು, ಸರ್ವಿಸ್ ಕೈಪಿಡಿ ಎಲ್ಲರಿಗೂ ಸಿಗಬೇಕು, ಬಿಡಿ ಬ್ಯಾಟರಿ ಕನಿಷ್ಠ ಐದು ವರ್ಷ ಮಾರಾಟದಲ್ಲಿರಬೇಕು. ಇಷ್ಟು ಕೇಳಿದರೆ ಬಿಡ್ ಹಾಕುವವರೇ ಇರುವುದಿಲ್ಲ ಎಂದು ಅಧಿಕಾರಿಗಳು ಹೆದರಬೇಕಿಲ್ಲ. ಇಂಥ ಯಂತ್ರಗಳು, ಇಂಥ ಕೈಪಿಡಿಗಳು ದೊಡ್ಡ ಕಂಪನಿಗಳ ಬಳಿ ಈಗಾಗಲೇ ಇವೆ. ಬಿಡಿ ಬ್ಯಾಟರಿಯ ಐದು ವರ್ಷದ ಮಾತನ್ನೂ ಐರೋಪ್ಯ ನಿಯಮಕ್ಕಾಗಿ ಅವು ಹೇಗೂ ಒಪ್ಪಿಕೊಳ್ಳಬೇಕಾಗಿದೆ.